ವಕೀಲರು ತಪ್ಪಿ ನಡೆದರೆ ಬಡ ಕಕ್ಷಿಗಾರರಿಗೆ ದಾರಿ ಯಾವುದು?

ಬಿತ್ತನೆ ಬೀಜ, ಗೊಬ್ಬರ, ಕೀಟಗಳ ವಿಷಯವಾಗಿ ಬರೆಯುವ ಗ್ರಾಮಸೇವಕನು ಈ ಸಲ ಕೋರ್ಟಿನ ವಿಷಯ ಎತ್ತಿಕೊಂಡಿರುವುದೇಕೆಂದು ನಿಮಗೆ ಆಶ್ಚರ್ಯವಾಗಬಹುದು. ನಾನು ಬೇಸಾಯದ ಡಿಪ್ಲೊಮಾ ಓದಿದವನೇ ಹೊರತು ಕಾನೂನು ಓದಿದವನಲ್ಲ. ಆದರೆ ಕಳೆದ ವರ್ಷ ನನ್ನ ವಲಯದ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯಿಂದ ಈ ವಿಷಯವನ್ನು ತಿಳಿದುಕೊಳ್ಳಲೇಬೇಕಾಯಿತು. ತಿಳಿದದ್ದನ್ನು ನನ್ನಲ್ಲೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇನೆ.

ನಡೆದ ಸಂಗತಿ

ಆ ಹಳ್ಳಿಯಲ್ಲಿ ಒಬ್ಬ ವಿಧವೆ ತಾಯಿ ಇದ್ದಾರೆ. ಎರಡೂವರೆ ಎಕರೆ ಖುಷ್ಕಿ ಜಮೀನು. ಮಕ್ಕಳು ದೂರದಲ್ಲಿದ್ದಾರೆ. ಆಕೆಗೆ ಓದು ಬರಹ ಬಾರದು. ಎರಡು ವರ್ಷದ ಮೆಕ್ಕೆಜೋಳದ ಹಣವನ್ನು ಬಾಕಿ ಉಳಿಸಿಕೊಂಡ ವರ್ತಕನೊಬ್ಬ ಆಕೆಗೆ ಒಂದು ಪ್ರೋನೋಟು ಬರೆದುಕೊಟ್ಟಿದ್ದ. ವರ್ಷ ಕಳೆದರೂ ಹಣ ಬರಲಿಲ್ಲ. ಆಗ ಆಕೆಯನ್ನು ತಾಲ್ಲೂಕು ಕೇಂದ್ರದ ಒಬ್ಬ ವಕೀಲರ ಬಳಿಗೆ ಕರೆದುಕೊಂಡು ಹೋದವನು ನಾನೇ. ವಕೀಲರು ಪ್ರೋನೋಟನ್ನು ಇಟ್ಟುಕೊಂಡರು. ಎರಡು ಕಂತಿನಲ್ಲಿ ಎಂಟು ಸಾವಿರ ರೂಪಾಯಿ ಪಡೆದರು. ರಸೀದಿ ಕೊಡಲಿಲ್ಲ, ನಾವೂ ಕೇಳಲಿಲ್ಲ. ವಕಾಲತ್ತಿನ ಕಾಗದದ ಜೊತೆಗೆ ಎರಡು ಖಾಲಿ ಹಾಳೆಗಳ ಮೇಲೂ ಆಕೆಯ ಹೆಬ್ಬೆಟ್ಟು ಹಾಕಿಸಿಕೊಂಡರು. ಹೆಬ್ಬೆಟ್ಟಿನ ಪಕ್ಕದಲ್ಲಿ ಗುರುತಿನ ಸಾಕ್ಷಿಯಾಗಿ ನಾನು ರುಜು ಹಾಕಿದೆ. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅಲ್ಲಿಂದ ಮುಂದೆ ಆಕೆ ಹೋದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ದಾವಾ ಹಾಕಿದೆ, ವಾಯಿದೆ ಬಿದ್ದಿದೆ, ಮುಂದಿನ ತಿಂಗಳು ಬಾ." ಪ್ರತಿ ಸಲವೂ ಆಕೆ ಕೂಲಿ ಬಿಟ್ಟು, ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಂದು ದಿನ ಶೇಂಗಾ ಬೀಜ ತೆಗೆದುಕೊಳ್ಳಲು ಬಂದವರು, "ಏನಪ್ಪಾ, ನಮ್ಮ ಕೇಸು ಇನ್ನೂ ಎಷ್ಟು ದಿನ?" ಎಂದು ಕೇಳಿದರು. "ಕೇಸಿನ ನಂಬರು ಏನಮ್ಮಾ?" ಎಂದೆ. ನಂಬರು ಆಕೆಗೆ ಗೊತ್ತಿರಲಿಲ್ಲ. ಕೋರ್ಟಿನ ಆವರಣದ ಇ-ಸೇವಾ ಕೇಂದ್ರದಲ್ಲಿ ಆಕೆಯ ಹೆಸರು ಹೇಳಿ ಹುಡುಕಿಸಿದೆವು. ಅಂಥ ದಾವೆಯೇ ಇರಲಿಲ್ಲ!

ಬೇಡಿದಾಗ ಹಣ ಕೊಡುವುದಾಗಿ ಬರೆದ ಪ್ರೋನೋಟಿನ ಮೇಲೆ, ಅದನ್ನು ಬರೆದ ತಾರೀಖಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕೆಂಬುದು 1963ರ ಕಾಲಮಿತಿ ಕಾಯಿದೆಯ ನಿಯಮ. ನಾವು ಹುಡುಕಿಸಿದ ದಿನಕ್ಕೆ ಎರಡು ವರ್ಷ ಹತ್ತು ತಿಂಗಳು ಕಳೆದಿತ್ತು. ಉಳಿದದ್ದು ಎರಡೇ ತಿಂಗಳು. ಇನ್ನೂ ಎರಡು ವಾಯಿದೆಯ ಮಾತು ನಂಬಿ ಕುಳಿತಿದ್ದರೆ ಆಕೆಯ ಎರಡು ಬೆಳೆಯ ದುಡಿಮೆ ಮಣ್ಣು ಪಾಲಾಗುತ್ತಿತ್ತು.

ಮುಂದೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ವಿಚಾರಣೆ ಇನ್ನೂ ಮುಗಿದಿಲ್ಲವಾದ್ದರಿಂದ ಆ ವಕೀಲರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ.

ವಕೀಲರಿಗೂ ಮೇಲೊಂದು ಕಟ್ಟಳೆ ಇದೆ

ಬೀಜದ ಅಂಗಡಿಗೆ ಲೈಸೆನ್ಸು ಇರುವಂತೆ ವಕೀಲಿ ವೃತ್ತಿಗೂ ನೋಂದಣಿ ಇದೆ. ಕಲಬೆರಕೆ ಬೀಜ ಮಾರಿದವನ ಲೈಸೆನ್ಸು ಹೋಗುವಂತೆ, ತಪ್ಪಿ ನಡೆದ ವಕೀಲರ ನೋಂದಣಿಯೂ ಹೋಗಬಹುದು. ಇದನ್ನು ನೋಡಿಕೊಳ್ಳುವುದು 1961ರ ವಕೀಲರ ಕಾಯಿದೆ. ಈ ಕಾಯಿದೆಯಂತೆ ಪ್ರತಿ ರಾಜ್ಯಕ್ಕೂ ಒಂದು ವಕೀಲರ ಪರಿಷತ್ತು ಇದೆ. ನಮ್ಮದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಅದರ ಕಚೇರಿ ಬೆಂಗಳೂರಿನಲ್ಲಿದೆ. ಎಲ್ಲ ರಾಜ್ಯಗಳ ಪರಿಷತ್ತುಗಳಿಗೂ ಮೇಲೆ ಭಾರತೀಯ ವಕೀಲರ ಪರಿಷತ್ತು ಇದೆ. ಕಪ್ಪು ಕೋಟು ಹಾಕಿ ವಕೀಲಿ ಮಾಡುವವರ ಹೆಸರು ರಾಜ್ಯ ಪರಿಷತ್ತಿನ ಪಟ್ಟಿಯಲ್ಲಿ ಇರಲೇಬೇಕು.

ವಕೀಲರು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಭಾರತೀಯ ಪರಿಷತ್ತು ನಿಯಮಗಳನ್ನು ಮಾಡಿದೆ. ಅವುಗಳಲ್ಲಿ ನಮ್ಮಂಥವರು ತಿಳಿದಿರತಕ್ಕವು ಇವು:

1. ಕಕ್ಷಿಗಾರನು ಇಟ್ಟ ನಂಬಿಕೆಯನ್ನು ವಕೀಲರು ದುರುಪಯೋಗ ಮಾಡಿಕೊಳ್ಳಬಾರದು.

2. ಕಕ್ಷಿಗಾರನಿಂದ ಬಂದ ಹಣಕ್ಕೂ ಅವನ ಪರವಾಗಿ ಬಂದ ಹಣಕ್ಕೂ ಲೆಕ್ಕ ಇಡಬೇಕು. ಫೀಜಿಗೆ ಎಷ್ಟು, ಖರ್ಚಿಗೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು. ಕಕ್ಷಿಗಾರನು ಕೇಳಿದರೆ ಲೆಕ್ಕದ ನಕಲು ಕೊಡಬೇಕು.

3. "ಗೆದ್ದು ಬಂದದ್ದರಲ್ಲಿ ನನಗೆ ಇಷ್ಟು ಪಾಲು" ಎಂಬ ಕರಾರು ಮಾಡಿಕೊಳ್ಳಬಾರದು. ಅಪಘಾತದ ಪರಿಹಾರದಲ್ಲೂ ಭೂಸ್ವಾಧೀನದ ಪರಿಹಾರದಲ್ಲೂ ನೂರಕ್ಕೆ ಇಷ್ಟು ಎಂದು ಕೇಳುವ ವಾಡಿಕೆ ಕೆಲವು ಕಡೆ ಇದೆ. ಅದು ನಿಯಮಕ್ಕೆ ವಿರುದ್ಧ.

4. ತಾವು ನಡೆಸಿದ ಮೊಕದ್ದಮೆಯ ಡಿಕ್ರಿಯಲ್ಲಿ ಹರಾಜಾಗುವ ಆಸ್ತಿಯನ್ನು ತಾವೇ ಕೊಳ್ಳಬಾರದು. ಇನ್ನೊಬ್ಬರ ಹೆಸರಿನಲ್ಲೂ ಕೊಳ್ಳಬಾರದು.

5. ನಡೆಸುತ್ತಿರುವ ಮೊಕದ್ದಮೆಗಾಗಿ ಕಕ್ಷಿಗಾರನಿಗೆ ಸಾಲ ಕೊಡಬಾರದು. ಕೈಯಲ್ಲಿರುವ ಕಕ್ಷಿಗಾರನ ಹಣವನ್ನು ಸಾಲವೆಂದು ತಿರುಗಿಸಿಕೊಳ್ಳಲೂಬಾರದು.

6. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ಮೇಲೆ ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದು.

7. ದಲ್ಲಾಳಿಗಳನ್ನು ಬಿಟ್ಟು ಕೇಸು ಹಿಡಿಯಬಾರದು. ಆಸ್ಪತ್ರೆಯ ಬಾಗಿಲಲ್ಲೋ ಬಸ್ ನಿಲ್ದಾಣದಲ್ಲೋ ಕಾದು, ದುಃಖದಲ್ಲಿರುವವರನ್ನು ಕರೆದೊಯ್ಯುವ ದಲ್ಲಾಳಿಗಳ ಪಟ್ಟಿ ಮಾಡಿ ಪ್ರಕಟಿಸುವ ಅಧಿಕಾರವನ್ನು 2023ರ ತಿದ್ದುಪಡಿಯು ಹೈಕೋರ್ಟು ಮತ್ತು ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟಿದೆ.

ಕಾಯಿದೆಯಲ್ಲಿ "ವೃತ್ತಿಯ ದುರ್ನಡತೆ ಅಥವಾ ಇತರ ದುರ್ನಡತೆ" ಎಂಬ ಮಾತಿದೆ. ಆದುದರಿಂದ ಹಣದ ವಿಷಯ ಮಾತ್ರವಲ್ಲ, ಕಷ್ಟದಲ್ಲಿ ಬಂದ ಹೆಣ್ಣುಮಗಳೊಡನೆ ವಕೀಲರು ಅನುಚಿತವಾಗಿ ನಡೆದುಕೊಂಡರೂ ಅದು ಇದರಲ್ಲಿ ಸೇರುತ್ತದೆ. ಅಂಥ ಸಂಗತಿಯಲ್ಲಿ ಪೊಲೀಸ್ ಠಾಣೆಗೆ ದೂರು ಕೊಡುವ ಹಕ್ಕೂ ಆಕೆಗೆ ಬೇರೆಯಾಗಿ ಇದ್ದೇ ಇದೆ.

ಬಡವರ ವಿಷಯದಲ್ಲಿ ಏಕೆ ಹೆಚ್ಚು ಬಿಗಿ?

ಓದು ಬಾರದವರು, ವೃದ್ಧರು, ವಿಧವೆಯರು, ಅಂಗವಿಕಲರು, ಇವರು ವಕೀಲರು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಾರೆ. ಅಲ್ಲಿ ಬರೆದದ್ದೇನು ಎಂದು ಅವರಿಗೆ ಕಾಣದು. ಒಬ್ಬನ ಕೈಯಲ್ಲಿ ಎಲ್ಲ ಬಲ, ಇನ್ನೊಬ್ಬನ ಕೈಯಲ್ಲಿ ಬರಿಯ ನಂಬಿಕೆ. ಇದನ್ನು ಕಾನೂನು ಮಾಡಿದವರು ಹಿಂದೆಯೇ ಕಂಡುಕೊಂಡಿದ್ದರು. ಕಕ್ಷಿಗಾರನು ತನ್ನ ವಕೀಲರಿಗೆ ಆಸ್ತಿ ಮಾರಿದ್ದು, ಅದರ ಬಗೆಗೆ ಮುಂದೆ ಕಕ್ಷಿಗಾರನೇ ದಾವೆ ಹೂಡಿದರೆ, ವ್ಯವಹಾರವು ಪ್ರಾಮಾಣಿಕವಾಗಿತ್ತೆಂದು ರುಜುವಾತು ಮಾಡುವ ಹೊಣೆ ವಕೀಲರದೇ ಎಂದು 1872ರ ಸಾಕ್ಷ್ಯ ಕಾಯಿದೆಯು ಉದಾಹರಣೆ ಸಹಿತ ಹೇಳಿತ್ತು. ಅದರ ಬದಲಿಗೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ತತ್ವವನ್ನು ಉಳಿಸಿಕೊಂಡಿದ್ದಾರೆ.

ಅಪಘಾತದ ಪರಿಹಾರದಲ್ಲೂ ಹೀಗೆಯೇ. ಅಕ್ಷರ ಬಾರದವರಿಗೂ ಎಳೆಯ ಮಕ್ಕಳಿಗೂ ಬಂದ ಹಣವನ್ನು ಒಮ್ಮೆಗೇ ಕೈಗೆ ಕೊಟ್ಟರೆ ಬೇರೆಯವರ ಪಾಲಾಗುವ ಭಯವಿದೆ. ಆದುದರಿಂದ ಅದನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಿಸಬೇಕೆಂದು ಸುಪ್ರೀಂ ಕೋರ್ಟು 1990ರ ದಶಕದಲ್ಲೇ ಮಾರ್ಗಸೂಚಿ ಕೊಟ್ಟಿದೆ. "ನಮ್ಮ ಹಣ ನಮಗೇ ಕೊಡುತ್ತಿಲ್ಲ" ಎಂದು ಕೆಲವರು ಬೇಸರಪಡುತ್ತಾರೆ. ಅದು ನಮ್ಮ ಹಿತಕ್ಕಾಗಿಯೇ ಇರುವ ಬೇಲಿಯೆಂದು ತಿಳಿಯಬೇಕು. ನಿಜವಾದ ಅಗತ್ಯ ಬಿದ್ದರೆ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಹಣ ಪಡೆಯಲು ದಾರಿಯಿದೆ.

ಮೂರು ತೀರ್ಪುಗಳು

ಇವೆಲ್ಲ ಪುಸ್ತಕದ ಮಾತು, ಬಡವನ ದೂರನ್ನು ಯಾರು ಕೇಳುತ್ತಾರೆ ಎನ್ನುವವರುಂಟು. ಅಂಥವರಿಗಾಗಿ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳ ಸಾರವನ್ನು ಕೊಡುತ್ತೇನೆ.

ಮೊದಲನೆಯದು ತಮಿಳುನಾಡಿನದು. ಎಪ್ಪತ್ತು ವರ್ಷದ, ಕಿವಿ ಕೇಳದ ಒಬ್ಬ ವೃದ್ಧರು ಮತ್ತು ಅವರ ಪತ್ನಿಗೆ ಎರಡು ಪ್ರೋನೋಟುಗಳ ಹಣ ಬರಬೇಕಾಗಿತ್ತು. ಒಂದು 15,000 ರೂಪಾಯಿ, ಇನ್ನೊಂದು 5,000 ರೂಪಾಯಿ. ವಕೀಲರು ಹಣ ಪಡೆದರು, ದಾವೆ ಹೂಡಲಿಲ್ಲ, ಹೂಡಿದ್ದೇನೆಂದು ಸುಳ್ಳು ಹೇಳಿದರು. ರಾಜ್ಯದ ಪರಿಷತ್ತು ಅವರನ್ನು ಆರು ವರ್ಷ ಅಮಾನತು ಮಾಡಿತು. ಭಾರತೀಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತಪ್ಪನ್ನು ಎತ್ತಿ ಹಿಡಿದು, ಶಿಕ್ಷೆಗೆ ಬೇರೆ ರೂಪ ಕೊಟ್ಟರು. ಅಮಾನತಿನ ಕಾಲವನ್ನು ಕಡಮೆ ಮಾಡಿ, ವಂಚನೆಗೆ ಗುರಿಯಾದವರಿಗೆ 2,500 ರೂಪಾಯಿ ಕೊಡಬೇಕೆಂದೂ ಒಂದು ವರ್ಷ ಬಡವರಿಗೆ ಉಚಿತ ಕಾನೂನು ನೆರವಿನ ಕೆಲಸ ಮಾಡಬೇಕೆಂದೂ ವಿಧಿಸಿದರು. ನಮ್ಮ ಹಳ್ಳಿಯ ಆ ತಾಯಿಯ ಕಥೆಗೂ ಇದಕ್ಕೂ ಎಷ್ಟು ಹೋಲಿಕೆ ಇದೆ ನೋಡಿ!

ಎರಡನೆಯದು ಉತ್ತರ ಪ್ರದೇಶದ ಲಖೀಂಪುರ ಖೇರಿಯದು. ಒಬ್ಬ ಬಡ, ವೃದ್ಧ, ನಿರಕ್ಷರಿ ರೈತನ ಜಮೀನನ್ನು ಸರ್ಕಾರ ಸ್ವಾಧೀನ ಮಾಡಿಕೊಂಡಿತು. ಪರಿಹಾರದ 8,118 ರೂಪಾಯಿ ಕೋರ್ಟಿಗೆ ಬಂದು ಕಟ್ಟಿತ್ತು. ಅವನ ವಕೀಲರು ಅರ್ಜಿ ಹಾಕಿ 1987ರಲ್ಲಿ ಆ ಹಣವನ್ನು ತೆಗೆದುಕೊಂಡರು. ರೈತನಿಗೆ ಹಣವನ್ನೂ ಕೊಡಲಿಲ್ಲ, ಹಣ ಬಂದ ಸುದ್ದಿಯನ್ನೂ ಹೇಳಲಿಲ್ಲ. ರೈತನು 1988ರಲ್ಲಿ ದೂರು ಕೊಟ್ಟ. ಆಗ, ರಾಜಿಯಾಗಿದೆ ಎಂಬ ಅಫಿಡವಿಟ್ಟನ್ನು ರೈತನ ಹೆಸರಿನಲ್ಲೇ ಹಾಜರುಪಡಿಸಲಾಯಿತು. ಅದು ತನ್ನದಲ್ಲವೆಂದು ರೈತ ಹೇಳಿದ. ಭಾರತೀಯ ಪರಿಷತ್ತಿನ ಶಿಸ್ತು ಸಮಿತಿಯು ವಕೀಲರನ್ನು ಮೂರು ವರ್ಷ ಅಮಾನತು ಮಾಡಿತು. ಶಿಕ್ಷೆ ಹೆಚ್ಚಾಯಿತೆಂದು ವಕೀಲರೇ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು, ಈ ಶಿಕ್ಷೆಯನ್ನು ಏಕೆ ಹೆಚ್ಚಿಸಬಾರದೆಂದು ಅವರಿಗೇ ನೋಟೀಸು ಕೊಟ್ಟಿತು. 2002ರ ಜನವರಿಯಲ್ಲಿ ಅವರ ಹೆಸರನ್ನು ವಕೀಲರ ಪಟ್ಟಿಯಿಂದಲೇ ತೆಗೆದುಹಾಕಿತು. ಕಕ್ಷಿಗಾರನ ಹಣವನ್ನು ನುಂಗುವುದು ವಕೀಲರ ತಪ್ಪುಗಳಲ್ಲೆಲ್ಲ ಅತ್ಯಂತ ಘೋರವಾದವುಗಳಲ್ಲಿ ಒಂದೆಂದು ಕೋರ್ಟು ಅಭಿಪ್ರಾಯಪಟ್ಟಿತು.

ಮೊಬಲಗು ಸಣ್ಣದು, ರೈತ ನಿರಕ್ಷರಿ. ಆದರೂ ದೂರು ದೆಹಲಿಯವರೆಗೆ ಹೋಗಿ ನಿಂತಿತು. ಇದು ಧೈರ್ಯದ ಮಾತು. ಹದಿಮೂರು ವರ್ಷಕ್ಕೂ ಮೇಲೆ ಹಿಡಿಯಿತೆಂಬುದನ್ನೂ ಮರೆಯಬಾರದು.

ಮೂರನೆಯದು ಕಾಗದ ಪತ್ರಗಳ ವಿಷಯ. "ಬಾಕಿ ಫೀಜು ಕೊಟ್ಟರೆ ಮಾತ್ರ ನಿಮ್ಮ ಕಾಗದ ಕೊಡುತ್ತೇನೆ" ಎಂದು ಹಿಡಿದಿಟ್ಟುಕೊಳ್ಳುವುದುಂಟು. ಹೀಗೆ ಹಿಡಿದಿಡುವ ಹಕ್ಕು ವಕೀಲರಿಗೆ ಇಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ಬಾಕಿ ಫೀಜಿಗೆ ಅವರು ಬೇರೆ ಕಾನೂನು ಮಾರ್ಗ ಹಿಡಿಯಬಹುದು. ಕಕ್ಷಿಗಾರನ ಕಾಗದವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. ವಕೀಲರನ್ನು ಬದಲಾಯಿಸುವುದು ಕಕ್ಷಿಗಾರನ ಹಕ್ಕು. ಕಾಗದವೇ ಕೈಗೆ ಬಾರದಿದ್ದರೆ ಆ ಹಕ್ಕಿಗೆ ಬೆಲೆಯೇನು?

ಯಾವುದು ದುರ್ನಡತೆ ಅಲ್ಲ?

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕೇಸು ಸೋತದ್ದು ದುರ್ನಡತೆಯಲ್ಲ. ಒಳ್ಳೆಯ ಬೀಜ ಬಿತ್ತಿ, ಕಾಲಕ್ಕೆ ಕಳೆ ತೆಗೆದರೂ ಮಳೆ ಕೈಕೊಟ್ಟರೆ ಬೆಳೆ ಹೋಗುತ್ತದೆ; ಅದಕ್ಕೆ ಆಳನ್ನು ಬೈಯುವವರಿಲ್ಲ. ವಾಯಿದೆ ಬಿದ್ದದ್ದು, ಫೀಜು ಹೆಚ್ಚೆನಿಸಿದ್ದು, ವಕೀಲರ ವಾದ ನಮಗೆ ಹಿಡಿಸದೆ ಹೋದದ್ದು, ಇವು ದೂರಿಗೆ ಸಾಲವು. ಒಂದು ಸಣ್ಣ ಅಜಾಗರೂಕತೆಯೂ ತಾನಾಗಿಯೇ ದುರ್ನಡತೆಯಾಗದು. ಸುಳ್ಳು ಹೇಳುವುದು, ಹಣ ನುಂಗುವುದು, ಎದುರು ಪಕ್ಷದೊಡನೆ ಒಳಗೊಳಗೆ ಸೇರುವುದು, ಖಾಲಿ ಹಾಳೆಯ ರುಜುವನ್ನು ಬಳಸಿಕೊಳ್ಳುವುದು, ತಿಳಿದೂ ತಿಳಿದೂ ಕೇಸನ್ನು ಹಾಳು ಮಾಡುವುದು, ಇಂಥವು ದುರ್ನಡತೆ.

ನಮ್ಮ ತಾಲ್ಲೂಕಿನಲ್ಲಿ ಬಡವರ ಕೇಸನ್ನು ಕಾಸು ತೆಗೆದುಕೊಳ್ಳದೆ ನಡೆಸಿದ ವಕೀಲರನ್ನು ನಾನು ಬಲ್ಲೆ. ವೃತ್ತಿಯ ಮರ್ಯಾದೆ ಉಳಿಯಬೇಕೆಂದು ಹೆಚ್ಚಾಗಿ ಬಯಸುವವರೂ ಅಂಥವರೇ. ಆದುದರಿಂದ ಸಿಟ್ಟಿನಿಂದ ಸುಳ್ಳು ದೂರು ಕೊಡಬಾರದು. ಒಬ್ಬರ ಅನ್ನವನ್ನು ಕೀಳುವ ವಿಷಯವಾದ್ದರಿಂದ ಶಿಸ್ತು ಸಮಿತಿಯು ಬಲವಾದ ಸಾಕ್ಷ್ಯವನ್ನು ಕೇಳುತ್ತದೆ.

ದೂರು ಕೊಡುವ ಕ್ರಮ

ಎಲ್ಲಿಗೆ ಕೊಡಬೇಕು? ರಾಜ್ಯ ವಕೀಲರ ಪರಿಷತ್ತಿಗೆ. ತಹಸೀಲ್ದಾರರಾಗಲಿ, ಪೊಲೀಸರಾಗಲಿ ವಕೀಲರ ಸನ್ನದನ್ನು ರದ್ದು ಮಾಡಲಾರರು.

ಯಾವ ಭಾಷೆಯಲ್ಲಿ? ಕನ್ನಡದಲ್ಲೇ ಕೊಡಬಹುದು. ರಾಜ್ಯ ಭಾಷೆಯಲ್ಲಿ ಕೊಟ್ಟ ದೂರನ್ನು ತೆಗೆದುಕೊಳ್ಳಬೇಕೆಂದು ನಿಯಮವಿದೆ. ಮುಂದೆ ಅದು ಭಾರತೀಯ ಪರಿಷತ್ತಿಗೆ ಹೋಗಬೇಕಾದರೆ ಇಂಗ್ಲಿಷಿಗೆ ಅನುವಾದ ಮಾಡಿಸುವುದು ರಾಜ್ಯ ಪರಿಷತ್ತಿನ ಕೆಲಸ.

ಹೇಗೆ ಬರೆಯಬೇಕು? ಅರ್ಜಿಯ ರೂಪದಲ್ಲಿ ಬರೆದು, ರುಜು ಅಥವಾ ಹೆಬ್ಬೆಟ್ಟು ಹಾಕಿ, ಬರೆದದ್ದು ಸತ್ಯವೆಂದು ದೃಢೀಕರಿಸಬೇಕು. ಗೊತ್ತುಪಡಿಸಿದ ಶುಲ್ಕವನ್ನು ಕಟ್ಟಬೇಕು. ಯಾವ ದಿನ ಹೋದೆವು, ಎಷ್ಟು ಹಣ ಕೊಟ್ಟೆವು, ವಕೀಲರು ಏನು ಹೇಳಿದರು, ನಿಜ ಯಾವಾಗ ತಿಳಿಯಿತು, ಇವನ್ನು ತಾರೀಖಿನ ಕ್ರಮದಲ್ಲಿ ಬರೆಯಬೇಕು. ಬೈಗುಳ ಬೇಡ. ರಸೀದಿ, ಬ್ಯಾಂಕಿನ ಪಾಸ್ ಪುಸ್ತಕ, ಫೋನಿನಲ್ಲಿ ಹಣ ಕಳಿಸಿದ ದಾಖಲೆ, ಸಂದೇಶಗಳು, ಕೋರ್ಟಿನ ನಕಲುಗಳು, ಇವನ್ನು ಲಗತ್ತಿಸಬೇಕು.

ಮುಂದೆ ಏನಾಗುತ್ತದೆ? ದೂರಿನಲ್ಲಿ ಹುರುಳಿದೆಯೆಂದು ಪರಿಷತ್ತಿಗೆ ತೋರಿದರೆ ಅದನ್ನು ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಈ ಸಮಿತಿಯಲ್ಲಿ ಮೂವರು ಇರುತ್ತಾರೆ. ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನ ಅನುಭವಿ ವಕೀಲರು. ಸಮಿತಿಯು ಆ ವಕೀಲರಿಗೂ ರಾಜ್ಯದ ಅಡ್ವೊಕೇಟ್ ಜನರಲ್ ಅವರಿಗೂ ನೋಟೀಸು ಕೊಡುತ್ತದೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಮಿತಿಗೆ ಸಿವಿಲ್ ಕೋರ್ಟಿನಂಥ ಅಧಿಕಾರವಿದೆ.

ಶಿಕ್ಷೆ ಏನು? ದೂರು ನಿಲ್ಲದಿದ್ದರೆ ವಜಾ ಆಗುತ್ತದೆ. ನಿಂತರೆ ವಾಗ್ದಂಡನೆ ಮಾಡಬಹುದು. ಗೊತ್ತಾದ ಕಾಲದವರೆಗೆ ಅಮಾನತು ಮಾಡಬಹುದು. ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಅಮಾನತಾದ ವಕೀಲರು ಆ ಅವಧಿಯಲ್ಲಿ ದೇಶದ ಯಾವ ಕೋರ್ಟಿನಲ್ಲೂ ವಕೀಲಿ ನಡೆಸುವಂತಿಲ್ಲ.

ಎಷ್ಟು ಕಾಲ? ಒಂದು ವರ್ಷದೊಳಗೆ ತೀರ್ಮಾನಿಸಬೇಕೆಂದು ಕಾಯಿದೆ ಹೇಳುತ್ತದೆ. ಆಗದಿದ್ದರೆ ದೂರು ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಹಾಗೆ ವರ್ಗವಾದವು ಅಲ್ಲೂ ಕೊಳೆಯುತ್ತಿರುವುದನ್ನು ಕಂಡು, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಡಿಸೆಂಬರಿನಲ್ಲಿ ಎರಡೂ ಪರಿಷತ್ತುಗಳಿಗೆ ತಾಕೀತು ಮಾಡಿತು. ರಾಜ್ಯ ಪರಿಷತ್ತು ವರ್ಷದೊಳಗೆ ಮುಗಿಸಬೇಕು. ವರ್ಗವಾಗಿ ಬಂದದ್ದನ್ನು ಭಾರತೀಯ ಪರಿಷತ್ತೂ ವರ್ಷದೊಳಗೆ ಮುಗಿಸಬೇಕು ಎಂದಿತು.

ತೀರ್ಪು ಒಪ್ಪಿಗೆಯಾಗದಿದ್ದರೆ? ಆದೇಶ ತಿಳಿದ 60 ದಿನದೊಳಗೆ ಭಾರತೀಯ ಪರಿಷತ್ತಿಗೆ ಅಪೀಲು ಮಾಡಬಹುದು. ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ. ಈ ಹಕ್ಕು ವಕೀಲರಿಗೆ ಇರುವಂತೆ ನೊಂದ ಕಕ್ಷಿಗಾರನಿಗೂ ಇದೆ.

ನಡುವೆ ರಾಜಿ ಮಾಡಿಸಿದರೆ? ಊರ ಹಿರಿಯರನ್ನು ಕರೆತಂದು, "ದೂರು ವಾಪಸು ತೆಗೆದುಕೋ" ಎಂದು ಒತ್ತಾಯಿಸುವುದುಂಟು. ದೂರನ್ನು ವಾಪಸು ಪಡೆದರೆಂಬ ಅಥವಾ ರಾಜಿಯಾಯಿತೆಂಬ ಕಾರಣ ಒಂದರಿಂದಲೇ ವಿಚಾರಣೆಯನ್ನು ಕೈಬಿಡಬಾರದೆಂದು ನಿಯಮವಿದೆ. ಬಡವನ ಬಾಯಿ ಮುಚ್ಚಿಸಿ ಪಾರಾಗುವ ದಾರಿಯನ್ನು ಹೀಗೆ ಕಟ್ಟಿದ್ದಾರೆ.

ಪರಿಷತ್ತಿನಿಂದ ಆಗದ ಕೆಲಸ

ಪರಿಷತ್ತಿನ ಮುಖ್ಯ ಕೆಲಸ ವಕೀಲರ ನಡತೆಯನ್ನು ವಿಚಾರಿಸುವುದು. ಸೋತ ಕೇಸನ್ನು ಅದು ಗೆಲ್ಲಿಸಿಕೊಡಲಾರದು. ಹೋದ ಹಣವನ್ನು ವಸೂಲು ಮಾಡಲು ಸಿವಿಲ್ ದಾವೆ ಹೂಡಬೇಕಾಗುತ್ತದೆ. ಹಣ ನುಂಗಿದ್ದು ನಂಬಿಕೆ ದ್ರೋಹದ ಅಪರಾಧವೂ ಆಗಬಹುದಾದ್ದರಿಂದ ಪೊಲೀಸ್ ಠಾಣೆಗೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮು ಈ ಅಪರಾಧವನ್ನು ಹೇಳುತ್ತದೆ. ಗ್ರಾಹಕರ ವೇದಿಕೆಗೆ ಹೋಗುವ ದಾರಿ ಮಾತ್ರ ಈಗ ಇಲ್ಲ. ವಕೀಲರ ಸೇವೆಯು ಗ್ರಾಹಕರ ರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪು ಕೊಟ್ಟಿದೆ. ಹಾಗಾಗಿ ವಕೀಲರ ಪರಿಷತ್ತಿನ ಬಾಗಿಲು ನಮಗೆ ಇನ್ನಷ್ಟು ಮುಖ್ಯವಾಗಿದೆ.

ಉಚಿತ ನೆರವು

ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾದುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕೆಲಸಗಾರರು, ಗೊತ್ತುಪಡಿಸಿದ ವರಮಾನಕ್ಕಿಂತ ಕಡಮೆ ಇರುವವರು, ಇವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಹೆಂಗಸರಿಗೆ ವರಮಾನದ ಮಿತಿಯೂ ಇಲ್ಲ. ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಫೋನಿನಲ್ಲಿ 15100 ನಂಬರಿಗೆ ಕರೆ ಮಾಡಿಯೂ ಕೇಳಬಹುದು. ಈ ಸಮಿತಿಯಿಂದ ನೇಮಕವಾದ ವಕೀಲರು ಕಕ್ಷಿಗಾರನಿಂದ ಫೀಜು ಕೇಳಬಾರದು. ಕೇಳಿದರೆ ಸಮಿತಿಗೆ ತಿಳಿಸಬೇಕು.

ಮೊದಲೇ ಎಚ್ಚರ

ರೋಗ ಬಂದ ಮೇಲೆ ಔಷಧಿ ಹೊಡೆಯುವುದಕ್ಕಿಂತ ಬೀಜೋಪಚಾರ ಮಾಡಿ ಬಿತ್ತುವುದು ಮೇಲೆಂದು ನಾನು ಪ್ರತಿ ಮುಂಗಾರಿನಲ್ಲೂ ಹೇಳುತ್ತೇನೆ. ಇಲ್ಲಿಯೂ ಹಾಗೆಯೇ.

1. ಖಾಲಿ ಹಾಳೆಗೂ ಖಾಲಿ ಛಾಪಾ ಕಾಗದಕ್ಕೂ ಎಂದೆಂದಿಗೂ ರುಜು ಅಥವಾ ಹೆಬ್ಬೆಟ್ಟು ಹಾಕಬೇಡಿ. ಸಾಕ್ಷಿಯಾಗಿಯೂ ರುಜು ಮಾಡಬೇಡಿ. ಇದು ನಾನೇ ತಪ್ಪಿ ಕಲಿತ ಪಾಠ.

2. ಕೊಟ್ಟ ಹಣಕ್ಕೆ ರಸೀದಿ ಕೇಳಿ. ಕೇಳಲು ಸಂಕೋಚವಾದರೆ ಬ್ಯಾಂಕಿನ ಮೂಲಕ ಕೊಡಿ. ದಾಖಲೆ ತಾನಾಗಿಯೇ ಉಳಿಯುತ್ತದೆ.

3. ಮೂಲ ಕಾಗದ ಕೊಡುವ ಮೊದಲು ಅದರ ನಕಲು ತೆಗೆಸಿಟ್ಟುಕೊಳ್ಳಿ. ಕೊಟ್ಟ ಕಾಗದಗಳ ಪಟ್ಟಿಗೆ ವಕೀಲರ ಅಥವಾ ಗುಮಾಸ್ತರ ರುಜು ಪಡೆಯಿರಿ.

4. ದಾವೆ ದಾಖಲಾದ ಕೂಡಲೆ ಕೇಸಿನ ನಂಬರನ್ನೂ ಹದಿನಾರು ಅಕ್ಷರ ಮತ್ತು ಅಂಕಿಗಳ ಸಿ.ಎನ್.ಆರ್. ನಂಬರನ್ನೂ ಬರೆಸಿಕೊಳ್ಳಿ. ಅದರಿಂದ ಇ-ಕೋರ್ಟ್ಸ್ ತಾಣದಲ್ಲಿ ಮುಂದಿನ ತಾರೀಖು, ಹಿಂದಿನ ದಿನ ನಡೆದದ್ದು ಎಲ್ಲ ಕಾಣುತ್ತದೆ. ಫೋನು ನೋಡಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ನೋಡಿಸಬಹುದು.

5. ವಕೀಲರ ನೋಂದಣಿ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ವಕಾಲತ್ತಿನ ಕಾಗದದಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ.

6. ಒಬ್ಬಂಟಿ ಹೆಣ್ಣುಮಕ್ಕಳೂ ವೃದ್ಧರೂ ಹೋಗುವಾಗ ಓದು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ.

7. ಅನುಮಾನ ಬಂದರೆ ತಡಮಾಡಬೇಡಿ. ಕಾಲಮಿತಿಯು ಯಾರಿಗಾಗಿಯೂ ಕಾಯುವುದಿಲ್ಲ.

ಕೊನೆಗೆ ಏನಾಯಿತು?

ನಾವು ಮೊದಲು ಮಾಡಿದ ಕೆಲಸ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋದದ್ದು. ಅಲ್ಲಿ ನೇಮಿಸಿಕೊಟ್ಟ ವಕೀಲರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಎಲ್ಲವನ್ನೂ ಕೇಳಿ, "ಮೊದಲು ಪ್ರೋನೋಟು ಕೈಗೆ ಬರಲಿ, ಉಳಿದದ್ದು ಆಮೇಲೆ" ಎಂದರು. ಹಿಂದಿನ ವಕೀಲರು ಇನ್ನೂ ನಾಲ್ಕು ಸಾವಿರ ಬಾಕಿ ಇದೆಯೆಂದು ಕಾಗದ ಕೊಡಲಿಲ್ಲ. ಆಗ 2000ದ ತೀರ್ಪನ್ನು ಹೇಳಿ ಒಂದು ಪತ್ರ ಬರೆಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆವು. ಹತ್ತನೆಯ ದಿನ ಅವರ ಗುಮಾಸ್ತರು ಪ್ರೋನೋಟನ್ನೂ ಆ ಎರಡು ಖಾಲಿ ಹಾಳೆಗಳನ್ನೂ ತಂದುಕೊಟ್ಟರು. ಹಾಳೆಗಳನ್ನು ಆ ತಾಯಿ ಹರಿಯಲು ಹೋದರು. ಅವು ದೂರಿಗೆ ಸಾಕ್ಷ್ಯವೆಂದು ವಕೀಲರು ತಡೆದರು. ಮೂರು ವರ್ಷ ತುಂಬಲು ಹನ್ನೊಂದು ದಿನ ಇರುವಾಗ ದಾವೆ ದಾಖಲಾಯಿತು. ಈಗ ಅದರ ನಂಬರು ಆಕೆಯ ಮನೆಯ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿದೆ.

ಎಂಟು ಸಾವಿರ ರೂಪಾಯಿ ಮರಳಿ ಬಂದಿಲ್ಲ. ಪರಿಷತ್ತಿಗೆ ಕನ್ನಡದಲ್ಲೇ ದೂರು ಹೋಗಿದೆ. ಅದರಲ್ಲಿ ನಾನೂ ಒಬ್ಬ ಸಾಕ್ಷಿ. ಖಾಲಿ ಹಾಳೆಯ ಮೇಲೆ ನಾನು ರುಜು ಹಾಕಿದ ವಿಷಯವನ್ನು ಮುಚ್ಚದೆ ಬರೆಸಿದ್ದೇನೆ. "ನಿನಗೆ ತೊಂದರೆಯಾಗುವುದಾದರೆ ಬೇಡಪ್ಪಾ" ಎಂದು ಆ ತಾಯಿ ಹೇಳಿದರು. ತೊಂದರೆಯಾದರೂ ಹೇಳಬೇಕಾದ್ದೇ ಎಂದೆ.

ಗ್ರಾಮಸ್ಥ ಬಂಧುಗಳೇ, ಈ ಪತ್ರಿಕೆಯನ್ನು ಓದಬಲ್ಲವರು ಓದಲು ಬಾರದವರಿಗೆ ಇದನ್ನು ಓದಿ ಹೇಳಿ. ಯುವಕ ಸಂಘದಲ್ಲಿ, ಸ್ತ್ರೀಶಕ್ತಿ ಗುಂಪಿನಲ್ಲಿ, ಹಾಲಿನ ಡೈರಿಯ ಕಟ್ಟೆಯಲ್ಲಿ ಚರ್ಚೆ ಮಾಡಿ. ನಿಮ್ಮ ಬೀದಿಯಲ್ಲಿ ಕೋರ್ಟು ಕೇಸು ಇರುವ ಒಂಟಿ ಮುದುಕಿಯೋ ಮುದುಕನೋ ಇದ್ದರೆ ಒಂದು ಸಂಜೆ ಹೋಗಿ, "ನಿಮ್ಮ ಕೇಸಿನ ನಂಬರು ಏನು?" ಎಂದು ಕೇಳಿ. ನಂಬರು ಇದ್ದರೆ ಸಂತೋಷ. ಇಲ್ಲದಿದ್ದರೆ ಮಾರನೆಯ ದಿನವೇ ಅವರನ್ನು ಕರೆದುಕೊಂಡು ತಾಲ್ಲೂಕಿಗೆ ಹೊರಡಿ.

— ನಿಮ್ಮ ಗ್ರಾಮಸೇವಕ